ಜಿಮ್ನಿಗೆ ಸಬ್‌ವೂಫರ್ ಹಾಕಿಸುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳನ್ನು 2023ರಲ್ಲಿ ಭಾರತಕ್ಕೆ ಬಂದ ಐದು ಬಾಗಿಲಿನ ಮಾರುತಿ ಸುಜುಕಿ ಜಿಮ್ನಿಯನ್ನು ಮುಂದಿಟ್ಟುಕೊಂಡು ಬರೆದಿದ್ದೇನೆ. ಮೂರು ಬಾಗಿಲಿನ ಥಾರ್, ಹಳೆಯ ಜಿಪ್ಸಿ ಇಟ್ಟುಕೊಂಡವರಿಗೂ ಬಹುಪಾಲು ಸಲಹೆಗಳು ಹೊಂದುತ್ತವೆ. ಹೊಂದದ ಕಡೆ ಪ್ರತ್ಯೇಕವಾಗಿ ಹೇಳಿದ್ದೇನೆ. ಸಬ್‌ವೂಫರ್ ಎಂದರೆ ಹಾಡಿನ ಕೆಳಸ್ತರದ ದನಿಯನ್ನು, ಅಂದರೆ ಬಾಸನ್ನು, ನುಡಿಸಲೆಂದೇ ಇರುವ ಸ್ಪೀಕರ್. ನನ್ನ ನಿಲುವನ್ನು ಮೊದಲೇ ತಿಳಿಸುತ್ತೇನೆ: ಇಂತಹ ಗಾಡಿಗೆ ಚಿಕ್ಕ ಸಬ್‌ವೂಫರ್ ಸಾಕು. ಹಣವನ್ನೂ ಶ್ರಮವನ್ನೂ ಅದರ ಗಾತ್ರಕ್ಕೆ ಸುರಿಯದೆ, ಬಿಗಿಯಾಗಿ ಕೂರಿಸುವುದಕ್ಕೆ ಮತ್ತು ವೈರಿಂಗಿಗೆ ಖರ್ಚು ಮಾಡಿ.

ಇಷ್ಟು ಪುಟ್ಟ ಗಾಡಿಗೆ ಸಬ್‌ವೂಫರ್ ನಿಜವಾಗಿಯೂ ಬೇಕೇ?

ಹಾಡು ಕೇಳುವ ಹವ್ಯಾಸ ಇರುವವರಿಗೆ ಬೇಕು. ಜಿಮ್ನಿ ಲ್ಯಾಡರ್ ಫ್ರೇಮಿನ (ಏಣಿಯಾಕಾರದ ಉಕ್ಕಿನ ಚೌಕಟ್ಟಿನ) ಮೇಲೆ ನಿಂತ, ಪೆಟ್ಟಿಗೆಯಾಕಾರದ ಗಾಡಿ. ನೆಟ್ಟಗೆ ನಿಂತ ಮುಂಗಾಜಿಗೆ ಗಾಳಿ ಬಡಿಯುತ್ತದೆ. ಮಡ್ ಟಯರ್ ಹಾಕಿಸಿದ್ದರೆ ಅದರ ಗುಂಯ್‌ಗುಡುವಿಕೆ ಬೇರೆ. ಈ ಸದ್ದಿನ ಬಹುಪಾಲು ಕೆಳಸ್ತರದ್ದು. ಹಾಗಾಗಿ ಹಾಡಿನಲ್ಲಿ ಅದು ಮೊದಲು ನುಂಗುವುದೂ ಕೆಳಸ್ತರದ ದನಿಗಳನ್ನೇ. ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗ ಮುಟ್ಟಿದಾಗ ಗಾಯಕರ ದನಿ ಕೇಳುತ್ತಿರುತ್ತದೆ, ಡೊಳ್ಳಿನ ಪೆಟ್ಟು ಮಾತ್ರ ಮಾಯವಾಗಿರುತ್ತದೆ.

ಬಾಗಿಲಿನ ಸ್ಪೀಕರುಗಳು ಈ ಕೊರತೆಯನ್ನು ತುಂಬಲಾರವು. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ ಮಿಡಿಯುವುದು ಸೆಕೆಂಡಿಗೆ 41 ಸಲ, ಅಂದರೆ 41 ಹರ್ಟ್ಸ್‌ನಲ್ಲಿ. ತೆಳು ತಗಡಿನ ಬಾಗಿಲಲ್ಲಿ ಕೂತ ಆರೂವರೆ ಇಂಚಿನ ಸ್ಪೀಕರ್ 70–80 ಹರ್ಟ್ಸ್‌ಗೇ ಸುಸ್ತಾಗಿರುತ್ತದೆ. ವಾಲ್ಯೂಮ್ ಏರಿಸಿದರೆ ಸ್ಪೀಕರ್ ಒಡಕು ದನಿ ತೆಗೆಯುತ್ತದೆಯೇ ಹೊರತು ಬಾಸ್ ಬರುವುದಿಲ್ಲ. ಸಬ್‌ವೂಫರ್ ಬಂದ ಮೇಲೆ ಆ ಕೆಲಸ ಬಾಗಿಲಿನ ಸ್ಪೀಕರುಗಳ ಹೆಗಲಿನಿಂದ ಇಳಿಯುತ್ತದೆ. ಆಮೇಲೆ ಕಡಿಮೆ ವಾಲ್ಯೂಮಿನಲ್ಲೇ ಹಾಡು ತುಂಬಿಕೊಂಡು ಕೇಳುತ್ತದೆ.

ಎಷ್ಟು ಇಂಚಿನದು ತೆಗೆದುಕೊಳ್ಳಲಿ? ಅಂಗಡಿಯವರು 12 ಇಂಚಿಗಿಂತ ಕಡಿಮೆ ಬೇಡವೇ ಬೇಡ ಎನ್ನುತ್ತಾರೆ.

8 ಇಂಚು ಸಾಕು, 10 ಇಂಚು ಧಾರಾಳ. ಹೀಗೆ ಹೇಳಲು ಭೌತಶಾಸ್ತ್ರದ ಆಧಾರವಿದೆ.

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 40 ಹರ್ಟ್ಸ್‌ನ ಒಂದು ಅಲೆಯ ಉದ್ದ 8.6 ಮೀಟರ್ ಆಗುತ್ತದೆ. ಜಿಮ್ನಿಯ ಒಟ್ಟು ಉದ್ದವೇ 3.985 ಮೀಟರ್. ಅಂದರೆ ಈ ಅಲೆಗೆ ಗಾಡಿಯೊಳಗೆ ಅರ್ಧ ಕಾಲು ಚಾಚುವುದಕ್ಕೂ ಜಾಗವಿಲ್ಲ. ಅದು ಅಲೆಯಂತೆ ಹರಿಯುವ ಬದಲು, ಒಳಗಿನ ಗಾಳಿಯ ಒತ್ತಡವನ್ನೇ ಒಟ್ಟಾಗಿ ಏರಿಸಿ ಇಳಿಸುತ್ತದೆ. ಒಳಗಿನ ಉದ್ದವನ್ನು ಎರಡೂವರೆ ಮೀಟರ್ ಎಂದು ಹಿಡಿದರೆ, ಸುಮಾರು 70 ಹರ್ಟ್ಸ್‌ನಿಂದ ಕೆಳಗೆ ಆವರ್ತನ ಅರ್ಧಕ್ಕೆ ಇಳಿದಂತೆಲ್ಲ ಒತ್ತಡ 12 ಡೆಸಿಬೆಲ್‌ನಷ್ಟು ಏರಬೇಕು ಎನ್ನುತ್ತದೆ ಲೆಕ್ಕ. ಕಿಟಕಿಯ ಸಂದು, ಬಾಗುವ ತಗಡು ಇವುಗಳಿಂದ ಸ್ವಲ್ಪ ಸೋರಿ, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಆದರೂ ಸಿಗುವುದು ಪುಕ್ಕಟೆ. 3 ಡೆಸಿಬೆಲ್ ಏರಿಸಲು ಆಂಪ್ಲಿಫೈಯರಿನ ಶಕ್ತಿ ದುಪ್ಪಟ್ಟಾಗಬೇಕು, 10 ಡೆಸಿಬೆಲ್‌ಗೆ ಹತ್ತು ಪಟ್ಟು ಆಗಬೇಕು ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಒಳಜಾಗ ಕಿರಿದಾದಷ್ಟೂ ಈ ಲಾಭ ಬೇಗ ಶುರುವಾಗುತ್ತದೆ. ದೊಡ್ಡ ಕಾರಿನವರಿಗಿಂತ ಇಲ್ಲಿ ನಿಮ್ಮದೇ ಮೇಲುಗೈ.

ಡಿಕ್ಕಿಯಲ್ಲಿ ಎಷ್ಟು ಜಾಗ ಕಳೆದುಕೊಳ್ಳಬೇಕಾಗುತ್ತದೆ?

ಹಿಂದಿನ ಸೀಟು ಎತ್ತಿಟ್ಟಾಗ ಜಿಮ್ನಿಯ ಡಿಕ್ಕಿ 208 ಲೀಟರ್, ಮಡಚಿದಾಗ 332 ಲೀಟರ್. ಎಲ್ಲ ದಿಕ್ಕು ಮುಚ್ಚಿದ 8 ಇಂಚಿನ ಪೆಟ್ಟಿಗೆಗೆ ಒಳಗಾತ್ರ ಸಾಮಾನ್ಯವಾಗಿ 10ರಿಂದ 14 ಲೀಟರ್ ಬೇಕು, 10 ಇಂಚಿನದಕ್ಕೆ 17ರಿಂದ 25 ಲೀಟರ್. 12 ಇಂಚಿನ, ಗಾಳಿಕೊಳವೆ ಇರುವ ಪೆಟ್ಟಿಗೆಗೆ ಒಳಗಾತ್ರವೇ 50 ಲೀಟರ್ ದಾಟುತ್ತದೆ. ಹಲಗೆಯ ದಪ್ಪವೂ ಸೇರಿದರೆ ಡಿಕ್ಕಿಯ ಮೂರರಲ್ಲೊಂದು ಪಾಲು ಹೋದಂತೆಯೇ. ಎಳೆಹಗ್ಗ, ಟಯರಿಗೆ ಗಾಳಿ ತುಂಬುವ ಕಂಪ್ರೆಸರ್, ಸಲಿಕೆ, ಊಟದ ಬುಟ್ಟಿ ಇವೆಲ್ಲ ಎಲ್ಲಿ ಕೂರಬೇಕು? ಕಾಡುಮೇಡು ಸುತ್ತಲು ಗಾಡಿ ಕೊಂಡವರು ಆ ಸಾಮಾನಿನ ಜಾಗವನ್ನು ಬಿಟ್ಟುಕೊಡಬಾರದು.

ಮುಚ್ಚಿದ ಪೆಟ್ಟಿಗೆ ಒಳ್ಳೆಯದೋ, ಕೊಳವೆ ಇರುವುದೋ?

ಮುಚ್ಚಿದ್ದು. ಮುಚ್ಚಿದ ಪೆಟ್ಟಿಗೆಯ ದನಿ ತನ್ನ ಮಿತಿಗಿಂತ ಕೆಳಗೆ ಆವರ್ತನ ಅರ್ಧವಾದಂತೆ 12 ಡೆಸಿಬೆಲ್ ಇಳಿಯುತ್ತದೆ. ಗಾಡಿಯ ಒಳಜಾಗ ಹೆಚ್ಚುಕಡಿಮೆ ಅಷ್ಟನ್ನೇ ಮೇಲಕ್ಕೆತ್ತುತ್ತದೆ. ಒಂದರ ಇಳಿತಕ್ಕೆ ಇನ್ನೊಂದರ ಏರಿಕೆ ಜೋಡಿಯಾಗಿ, ಬಾಸ್ ಕೆಳತನಕ ಸಮನಾಗಿ ಹೋಗುತ್ತದೆ. ಪೆಟ್ಟಿಗೆಯನ್ನು ಗಾಡಿಗೆಂದೇ ಅಳೆದು ಮಾಡಿದಂತೆ ಕೂಡಿಬರುವ ಈ ಹೊಂದಾಣಿಕೆ ನನಗೆ ಇಡೀ ವಿಷಯದಲ್ಲೇ ಅತ್ಯಂತ ಪ್ರಿಯವಾದದ್ದು.

ಕೊಳವೆಯ ಪೆಟ್ಟಿಗೆ ಅಷ್ಟೇ ವ್ಯಾಟ್‌ಗೆ ಹೆಚ್ಚು ಸದ್ದು ಮಾಡುತ್ತದೆ ಎಂಬುದು ನಿಜ. ಆದರೆ ತನ್ನ ಶ್ರುತಿಗಿಂತ ಕೆಳಗೆ ಅದು 24 ಡೆಸಿಬೆಲ್ ದರದಲ್ಲಿ ಕುಸಿಯುತ್ತದೆ. ಅಲ್ಲಿ ಕೋನಿಗೆ (ಸ್ಪೀಕರಿನ ಅಲುಗಾಡುವ ಬಟ್ಟಲಿಗೆ) ಗಾಳಿಯ ಆಸರೆ ತಪ್ಪಿ, ಅದು ಹದ್ದುಮೀರಿ ಹಾರಾಡತೊಡಗುತ್ತದೆ. ಇದರ ಮೇಲೆ ಕೊಳವೆಯ ಬಾಯಿಂದ ಧೂಳು ನುಗ್ಗುತ್ತದೆ. ಬೇಸಿಗೆಯಲ್ಲಿ ಬಯಲುಸೀಮೆಯ ಮಣ್ಣುದಾರಿ ಹಿಡಿಯುವ ಗಾಡಿಗೆ ಅದು ಖಂಡಿತ ಬೇಡ.

ಸೀಟಿನ ಕೆಳಗೆ ಇಡುವ ತೆಳು ಸಬ್‌ವೂಫರ್ ಹೇಗೆ?

ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಅಲ್ಯೂಮಿನಿಯಂ ಹೊದಿಕೆ, ಒಳಗೇ ಆಂಪ್ಲಿಫೈಯರ್, 8 ಇಂಚಿನ ಕೋನು, ಏಳೆಂಟು ಸೆಂಟಿಮೀಟರ್ ಎತ್ತರ. ಜೆಬಿಎಲ್, ಪಯೋನಿಯರ್, ಸೋನಿ, ಕೆನ್‌ವುಡ್ ಎಲ್ಲರದ್ದೂ ಈ ಬಗೆಯ ಮಾದರಿಗಳಿವೆ. ಡಿಕ್ಕಿ ಪೂರ್ತಿ ಉಳಿಯುತ್ತದೆ, ಬಡಗಿ ಕೆಲಸ ಬೇಡ, ಗಾಡಿ ಮಾರುವಾಗ ಬಿಚ್ಚಿಕೊಂಡು ಹೋಗಬಹುದು. ಎದೆ ನಡುಗಿಸುವ ಬಾಸ್ ಇದರಿಂದ ಬರುವುದಿಲ್ಲ. ಹಾಡಿಗೆ ತಳ ಕೊಡುವ ಬಾಸ್ ಬರುತ್ತದೆ.

ಕೊಳ್ಳುವ ಮುನ್ನ ಒಂದು ರಟ್ಟಿನ ಡಬ್ಬವನ್ನು ಅದರ ಅಳತೆಗೆ ಸರಿಯಾಗಿ ಕತ್ತರಿಸಿ, ಅಂಟಿಸಿ, ಸೀಟಿನ ಕೆಳಗೆ ಇಟ್ಟು ನೋಡಿ. ಸೀಟನ್ನು ಪೂರ್ತಿ ಹಿಂದಕ್ಕೂ ಮುಂದಕ್ಕೂ ಸರಿಸಿ. ತೂಕದ ಆಳನ್ನು ಕೂರಿಸಿ. ಸೀಟಿನ ಅಡಿಯ ಸ್ಪ್ರಿಂಗ್ ರಟ್ಟಿಗೆ ತಾಗಿ ಗುರುತು ಬಿದ್ದರೆ ಆ ಮಾದರಿ ನಿಮ್ಮ ಗಾಡಿಗೆ ಆಗದು. ಸೀಟು ಸರಿಯುವಾಗ ಯಾವ ವೈರ್ ಎಲ್ಲಿಗೆ ಎಳೆಯುತ್ತದೆ ಎಂಬುದನ್ನೂ ಆಗಲೇ ಗಮನಿಸಿ.

ಅಲ್ಲಿ ಕಾಣುವ ಹಳದಿ ಕನೆಕ್ಟರುಗಳನ್ನು ಮಾತ್ರ ಮುಟ್ಟಬೇಡಿ. ಜಿಮ್ನಿಗೆ ಆರು ಏರ್‌ಬ್ಯಾಗುಗಳಿವೆ. ಪಕ್ಕದ ಏರ್‌ಬ್ಯಾಗ್ ಮುಂದಿನ ಸೀಟಿನಲ್ಲೇ ಇರುವುದರಿಂದ ಅದರ ವೈರ್ ಸೀಟಿನಡಿಯಲ್ಲೇ ಹಾದುಹೋಗುತ್ತದೆ. ಸೀಟು ಬಿಚ್ಚಲೇಬೇಕಾದರೆ ಬ್ಯಾಟರಿಯ ನೆಗೆಟಿವ್ ಕಳಚಿ, ಕೆಲವು ನಿಮಿಷ ಕಾದು, ಆಮೇಲೆ ಕೈ ಹಾಕಬೇಕು.

ಸ್ಟೆಪ್ನಿಯ ನಡುವೆ ಕೂರುವ ಸಬ್‌ವೂಫರ್ ನೋಡಿದ್ದೇನೆ. ಅದು ಆಗುವುದಿಲ್ಲವೇ?

ಆಗುವುದಿಲ್ಲ. ಅದು ಡಿಕ್ಕಿಯ ನೆಲದಡಿ ಸ್ಟೆಪ್ನಿ ಮಲಗಿರುವ ಕಾರುಗಳಿಗೆ ಮಾಡಿದ್ದು. ಜಿಮ್ನಿ, ಥಾರ್ ಎರಡರಲ್ಲೂ ಸ್ಟೆಪ್ನಿ ಹಿಂಬಾಗಿಲಿನ ಹೊರಗೆ ತೂಗುತ್ತದೆ.

ಪೆಟ್ಟಿಗೆ ಮಾಡಿಸುವುದಾದರೆ ಎಂಡಿಎಫ್ ಸಾಲದೇ?

ಮರದ ನಾರು ಒತ್ತಿ ಮಾಡಿದ ಈ ಹಲಗೆ ನಗರದ ಕಾರಿಗೆ ಸಾಕು. ಇಲ್ಲಿ ಬೇಡ. ಎಂಡಿಎಫ್ ನೀರು ಕುಡಿದರೆ ಅಂಚು ಉಬ್ಬಿ, ಸ್ಕ್ರೂ ಹಿಡಿತ ಬಿಡುತ್ತದೆ. ಮಲೆನಾಡಿನ ಆಷಾಢದಲ್ಲಿ ಒದ್ದೆ ರೇನ್‌ಕೋಟು, ಕೆಸರು ಮೆತ್ತಿದ ಬೂಟುಗಳು ಡಿಕ್ಕಿಯಲ್ಲೇ ಬಿದ್ದಿರುತ್ತವೆ. ಐಎಸ್ 710 ಗುರುತು ಇರುವ 18 ಮಿ.ಮೀ. ಮರೈನ್ ಪ್ಲೈವುಡ್ ತರಿಸಿ. ಐಎಸ್ 303 ಎಂದಿರುವುದು ಸಾಮಾನ್ಯ ಪ್ಲೈವುಡ್, ಬೆಲೆ ಕಡಿಮೆ. ಬಡಗಿ ಎರಡೂ ಒಂದೇ ಎಂದರೂ ಹಲಗೆಯ ಮೇಲಿನ ಮುದ್ರೆಯನ್ನು ನೀವೇ ಓದಿ. ಒಳಮೂಲೆಗಳಿಗೆಲ್ಲ ಅಂಟು ತುಂಬಿ ಗಾಳಿ ಸೋರದಂತೆ ಮಾಡಿಸಿ, ಹೊರಗೆ ಜಮಖಾನೆ ಬಟ್ಟೆ ಅಂಟಿಸುವ ಮೊದಲು ಎರಡು ಕೋಟು ವಾರ್ನಿಷ್ ಹೊಡೆಸಿ.

ಪೆಟ್ಟಿಗೆ ಭಾರವಾಗಿಯೇ ಇರುತ್ತದೆ. ಸುಮ್ಮನೆ ಇಟ್ಟರೆ ಸಾಲದೇ?

ಸಾಲದು. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಸ್ಪೀಕರ್ ಸೇರಿ 12 ಕೆ.ಜಿ. ತೂಗುವ ಪೆಟ್ಟಿಗೆ ಎಂದಿಟ್ಟುಕೊಳ್ಳಿ. ಜೋರಾದ ಅಪಘಾತದಲ್ಲಿ ಗಾಡಿಯ ವೇಗ ಗುರುತ್ವದ 25 ಪಟ್ಟು ದರದಲ್ಲಿ ಕುಸಿಯುವುದುಂಟು. ಆ ಕ್ಷಣಕ್ಕೆ ಪೆಟ್ಟಿಗೆ 300 ಕೆ.ಜಿ.ಯ ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಅದರ ಮುಂದಿರುವುದು ಹಿಂದಿನ ಸೀಟಿನಲ್ಲಿ ಕೂತ ಮಕ್ಕಳ ಬೆನ್ನು. ಅಪಘಾತದ ಮಾತು ಬಿಡಿ, ಒಂದು ಚಕ್ರ ಗಾಳಿಯಲ್ಲಿ ತೂಗಾಡುವಂತೆ ಗಾಡಿ ಓರೆಯಾಗುವ ಇಳಿಜಾರಿನಲ್ಲೂ ಕಟ್ಟದ ಪೆಟ್ಟಿಗೆ ಜಾರಿ ಹಿಂಬಾಗಿಲಿಗೆ ಗುದ್ದುತ್ತದೆ.

ವೆಲ್‌ಕ್ರೋ ಪಟ್ಟಿ, ಎಳೆಯುವ ರಬ್ಬರ್ ಹಗ್ಗ ಇದಕ್ಕೆ ಸಾಟಿಯಲ್ಲ. ಪೆಟ್ಟಿಗೆಯ ತಳಕ್ಕೆ 8 ಮಿ.ಮೀ. ಬೋಲ್ಟು ಹಿಡಿಯುವ ಉಕ್ಕಿನ ಪಟ್ಟಿ ಹಾಕಿಸಿ. ಡಿಕ್ಕಿಯಲ್ಲಿ ಸಾಮಾನು ಕಟ್ಟಲೆಂದು ಕಂಪನಿಯೇ ಕೊಟ್ಟ ಕೊಂಡಿಗಳ ಬೋಲ್ಟಿನ ಜಾಗಕ್ಕೆ ಆ ಪಟ್ಟಿಯನ್ನು ಸೇರಿಸಿ. ಬೋಲ್ಟಿನ ತಲೆಯಡಿ ಅಗಲವಾದ ವಾಷರ್ ಇರಲಿ, ನಟ್ಟು ಒಳಗೆ ನೈಲಾನ್ ಬಳೆ ಇರುವಂಥದ್ದಾಗಲಿ. ನಡುಕಕ್ಕೆ ಸಾಧಾರಣ ನಟ್ಟು ಬಿಚ್ಚಿಕೊಳ್ಳುತ್ತದೆ. ಸೀಟ್‌ಬೆಲ್ಟಿನ ಬೋಲ್ಟನ್ನು ಮಾತ್ರ ಯಾವ ಕಾರಣಕ್ಕೂ ಬಳಸಬೇಡಿ.

ನೆಲಕ್ಕೆ ತೂತು ಕೊರೆಯಬಹುದೇ?

ಗಾಡಿಯ ಕೆಳಗೆ ಮಲಗಿ, ಟಾರ್ಚ್ ಹಿಡಿದು, ಆ ಜಾಗದ ಅಡಿಯಲ್ಲಿ ಏನಿದೆ ಎಂದು ಕಣ್ಣಾರೆ ಕಂಡ ಮೇಲೆ ಮಾತ್ರ. 40 ಲೀಟರ್ ಪೆಟ್ರೋಲ್ ಟ್ಯಾಂಕ್, ಅದರ ಕೊಳವೆಗಳು, ಬ್ರೇಕಿನ ಪೈಪು ಎಲ್ಲವೂ ನೆಲದ ತಗಡಿನ ಆಚೆಗೇ ಇವೆ. ಅಂಗಡಿಯಲ್ಲಿ ತಾನೇ ಕೊರೆದುಕೊಂಡು ಹೋಗುವ ಸ್ಕ್ರೂ ಹಿಡಿದು ಬಂದರೆ ಕೈ ಅಡ್ಡ ಹಿಡಿಯಿರಿ. ಕೊರೆದ ತೂತಿನ ಅಂಚಿಗೆ ತುಕ್ಕು ತಡೆಯುವ ಬಣ್ಣ ಬಳಿಯದಿದ್ದರೆ ಕರಾವಳಿಯ ಉಪ್ಪುಗಾಳಿ ಎರಡನೇ ಮಳೆಗಾಲಕ್ಕೇ ಅದನ್ನು ತಿನ್ನತೊಡಗುತ್ತದೆ.

ವೈರ್ ಎಷ್ಟು ದಪ್ಪ ಇರಬೇಕು? ಸ್ಟೀರಿಯೋದ ಹಿಂದಿನ ವೈರಿನಿಂದಲೇ ಕರೆಂಟ್ ತೆಗೆಯಬಹುದೇ?

ತೆಗೆಯಬಾರದು. ಲೆಕ್ಕ ಹಾಕಿ ನೋಡಿ. 150 ವ್ಯಾಟ್ ಕೊಡುವ ಕ್ಲಾಸ್-ಡಿ ಆಂಪ್ಲಿಫೈಯರಿನ ದಕ್ಷತೆ ಶೇ 80 ಎಂದುಕೊಂಡರೆ ಅದು ಎಳೆಯುವುದು ಸುಮಾರು 188 ವ್ಯಾಟ್. ಎಂಜಿನ್ ಓಡುವಾಗಿನ 13.8 ವೋಲ್ಟಿಗೆ ಅದು 14 ಆಂಪಿಯರ್ ಹತ್ತಿರ ಬರುತ್ತದೆ. ಸ್ಟೀರಿಯೋದ ತೆಳು ವೈರ್ ಇಷ್ಟನ್ನು ಹೊರುವುದಕ್ಕಲ್ಲ.

ಬ್ಯಾಟರಿಯಿಂದ ನೇರವಾಗಿ 8 ಗೇಜಿನ ತಾಮ್ರದ ವೈರ್ ಎಳೆಸಿ. ಐದು ಮೀಟರ್ ಉದ್ದಕ್ಕೆ ವೋಲ್ಟೇಜ್ ನಷ್ಟ 0.15 ವೋಲ್ಟ್ ಒಳಗೇ ಉಳಿಯುತ್ತದೆ. ಮಾರುಕಟ್ಟೆಯಲ್ಲಿ ಅಗ್ಗದ ಕಿಟ್‌ಗಳಲ್ಲಿ ಬರುವುದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಚಾಕುವಿನಿಂದ ಎಳೆಯೊಂದನ್ನು ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ, ಕೈಗೂ ಹಗುರ. ಇಷ್ಟು ಕಡಿಮೆ ಶಕ್ತಿಗೆ ಅದರಲ್ಲಿ ಆಗುವ ವೋಲ್ಟೇಜ್ ನಷ್ಟವೇನೂ ಭಾರಿಯಲ್ಲ. ತೇವದಲ್ಲಿ ಅದರ ಜೋಡಣೆಗಳು ಬೇಗ ಹಾಳಾಗುತ್ತವೆ ಎಂಬುದೇ ನನ್ನ ಆತಂಕ.

ಫ್ಯೂಸ್ ಬ್ಯಾಟರಿಯ ಪಾಸಿಟಿವ್‌ನಿಂದ 45 ಸೆಂಟಿಮೀಟರ್ ಒಳಗೆ ಇರಬೇಕು. ಅದು ಕಾಯುವುದು ಆಂಪ್ಲಿಫೈಯರನ್ನಲ್ಲ, ವೈರನ್ನು. ವೈರಿನ ಹೊದಿಕೆ ತಗಡಿಗೆ ಉಜ್ಜಿ ಹರಿದರೆ ಬ್ಯಾಟರಿಯ ಪೂರ್ತಿ ಕರೆಂಟ್ ಆ ಬಿಂದುವಿಗೆ ನುಗ್ಗುತ್ತದೆ. ಫ್ಯೂಸ್ ಡಿಕ್ಕಿಯಲ್ಲಿದ್ದರೆ ಬೆಂಕಿ ಹತ್ತಿದರೂ ಅದು ಹಾರುವುದಿಲ್ಲ. ಎಷ್ಟು ಆಂಪಿಯರಿನದು ಎಂಬುದನ್ನು ಆಂಪ್ಲಿಫೈಯರಿನ ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ಫ್ಯೂಸ್ ಪದೇ ಪದೇ ಹಾರಿದರೆ ದೊಡ್ಡದನ್ನು ಹಾಕದೆ ಕಾರಣ ಹುಡುಕಿ.

ಬಾನೆಟ್‌ನಿಂದ ಒಳಕ್ಕೆ ವೈರ್ ತರುವುದು ಹೇಗೆ?

ಎಂಜಿನ್ ಮತ್ತು ಡ್ಯಾಶ್‌ಬೋರ್ಡ್ ನಡುವಿನ ತಗಡಿನಲ್ಲಿ ಕಂಪನಿಯ ವೈರುಗಳು ಹಾಯುವ ರಬ್ಬರ್ ಬುಶ್ ಇರುತ್ತದೆ. ಅದರ ಅಂಚಿನಲ್ಲಿ, ಇರುವ ವೈರುಗಳಿಗೆ ತಾಗದಂತೆ, ಸಣ್ಣ ತೂತು ಮಾಡಿ. ಗಟ್ಟಿ ತಂತಿಯೊಂದನ್ನು ಒಳಗಿನಿಂದ ತಳ್ಳಿ, ಅದರ ತುದಿಗೆ ಪವರ್ ವೈರನ್ನು ಟೇಪಿನಿಂದ ಸುತ್ತಿ, ಸ್ವಲ್ಪ ಸೋಪುನೀರು ಸವರಿ ಎಳೆದರೆ ರಬ್ಬರ್ ಹರಿಯದೆ ಬರುತ್ತದೆ. ಆಮೇಲೆ ಆ ಸಂದನ್ನು ಸಿಲಿಕೋನ್ ಹಾಕಿ ಮುಚ್ಚಿ. ಹಳ್ಳ ದಾಟುವಾಗ ನೀರು ಬರುವುದು ಇಂತಹ ಸಂದುಗಳಿಂದಲೇ. ಬಾನೆಟ್ ಕೆಳಗಿನ ಉದ್ದಕ್ಕೆಲ್ಲ ಸುರುಳಿ ಪೈಪ್ ತೊಡಿಸಿ, ಎಕ್ಸಾಸ್ಟ್ ಕಡೆ ಸುಳಿಯಬೇಡಿ.

ಹಾಡಿನ ಹಿಂದೆ ಎಂಜಿನ್ನಿನ ಜೊತೆ ಏರುವ ಇಳಿಯುವ ‘ಕೀಂಯ್’ ಸದ್ದು ಬರುತ್ತಿದೆ.

ಹತ್ತರಲ್ಲಿ ಎಂಟು ಸಲ ಅರ್ಥ್ ಸರಿಯಿಲ್ಲದಿರುವುದೇ ಕಾರಣ. ಆಂಪ್ಲಿಫೈಯರಿನ ನೆಗೆಟಿವ್ ವೈರ್ ಪವರ್ ವೈರಿನಷ್ಟೇ ದಪ್ಪವಾಗಿ, ಅರ್ಧ ಮೀಟರಿಗಿಂತ ಗಿಡ್ಡವಾಗಿ ಇರಲಿ. ಅದು ಮುಟ್ಟುವ ಜಾಗದ ಬಣ್ಣವನ್ನು ಉಪ್ಪುಕಾಗದದಿಂದ ತಿಕ್ಕಿ, ತಗಡು ಹೊಳೆಯುವಂತೆ ಮಾಡಿ. ಲಗ್ (ವೈರಿನ ತುದಿಯ ಲೋಹದ ಬಳೆ) ಒತ್ತಿ ಬೋಲ್ಟು ಬಿಗಿದ ಮೇಲೆ ಮೇಲಿಂದ ಗ್ರೀಸ್ ಅಥವಾ ಬಣ್ಣ ಬಳಿಯಿರಿ. ಸಿಗ್ನಲ್ ವೈರನ್ನು ಒಂದು ಪಕ್ಕದಲ್ಲಿ, ಪವರ್ ವೈರನ್ನು ಇನ್ನೊಂದು ಪಕ್ಕದಲ್ಲಿ ಎಳೆಯುವುದೂ ಒಳ್ಳೆಯ ಅಭ್ಯಾಸ. ಆದರೆ ಅರ್ಥ್ ಕೆಟ್ಟಿದ್ದರೆ ಅದೊಂದರಿಂದ ಸದ್ದು ಹೋಗುವುದಿಲ್ಲ.

ಕಂಪನಿಯ ಸ್ಟೀರಿಯೋ ಬದಲಿಸಲೇಬೇಕೇ?

ಬೇಡ. ಸ್ಪೀಕರಿಗೆ ಹೋಗುವ ವೈರಿನ ಸಂಕೇತವನ್ನೇ ನೇರ ತೆಗೆದುಕೊಳ್ಳುವ ವ್ಯವಸ್ಥೆ ಈಗಿನ ಬಹುತೇಕ ಸೀಟಿನಡಿಯ ಸಬ್‌ವೂಫರುಗಳಲ್ಲಿದೆ. ಹಾಡು ಶುರುವಾದಾಗ ತಾನೇ ಚಾಲೂ ಆಗುವ ಸೌಲಭ್ಯವೂ ಹಲವದರಲ್ಲಿದೆ. ವೈರ್ ಕತ್ತರಿಸಲು ಬಿಡಬೇಡಿ. ಸ್ಟೀರಿಯೋ ಮತ್ತು ಕಂಪನಿಯ ವೈರಿಂಗ್ ನಡುವೆ ಕೂರುವ, ಎರಡೂ ತುದಿಗೆ ಕನೆಕ್ಟರ್ ಇರುವ ಜೋಡು ವೈರ್ ಸಿಗುತ್ತದೆ. ಅದನ್ನು ಕಳಚಿದರೆ ಗಾಡಿ ಮೊದಲಿದ್ದಂತೆಯೇ ಆಗುತ್ತದೆ.

ವಾರಂಟಿ ಹೋಗುತ್ತದೆಯೇ?

ಎಂಜಿನ್ನು, ಗೇರ್‌ಬಾಕ್ಸಿಗೂ ಸಬ್‌ವೂಫರಿಗೂ ಸಂಬಂಧವಿಲ್ಲ. ವಿದ್ಯುತ್ ಭಾಗದಲ್ಲಿ ತೊಂದರೆ ಬಂದು, ಅಲ್ಲಿ ಕತ್ತರಿಸಿ ತಿರುಚಿ ಟೇಪ್ ಸುತ್ತಿದ ವೈರ್ ಕಂಡರೆ ಸರ್ವಿಸ್ ಕೇಂದ್ರ ಕೈ ಎತ್ತಬಹುದು. ಕನೆಕ್ಟರ್ ಜೋಡಣೆಗೆ ಒತ್ತಾಯಿಸಿ ಎನ್ನುವುದು ಇದಕ್ಕೇ.

‘2000 ವ್ಯಾಟ್’ ಎಂದು ಬರೆದ ಪೆಟ್ಟಿಗೆ ನಾಲ್ಕೂವರೆ ಸಾವಿರಕ್ಕೆ ಸಿಗುತ್ತಿದೆ. ಕೊಳ್ಳಲೇ?

ಬೇಡ. ನೋಡಬೇಕಾದ ಸಂಖ್ಯೆ, ಬಿಡದೆ ಕೊಡಬಲ್ಲ ಶಕ್ತಿಯನ್ನು ಹೇಳುವ ಆರ್‌ಎಂಎಸ್. 75ರಿಂದ 150 ವ್ಯಾಟ್ ಆರ್‌ಎಂಎಸ್ ಜಿಮ್ನಿಗೆ ಸಾಕು. ಅನುಮಾನ ಬಂದರೆ ಫ್ಯೂಸ್ ನೋಡಿ: 12 ವೋಲ್ಟಿನ ಗಾಡಿಯಲ್ಲಿ 15 ಆಂಪಿಯರ್ ಫ್ಯೂಸ್ ಇರುವ ಆಂಪ್ಲಿಫೈಯರ್ ಒಳಕ್ಕೆ ಎಳೆಯಬಲ್ಲದ್ದೇ ಸುಮಾರು 200 ವ್ಯಾಟ್. ಒಳಗೆ ಬಾರದ್ದು ಹೊರಗೆ ಹೋಗಲು ಸಾಧ್ಯವಿಲ್ಲ.

ಜೋಡಿಸಿದ್ದಾಯಿತು. ಗುಂಡಿಗಳನ್ನು ಎಲ್ಲಿಗೆ ತಿರುಗಿಸಲಿ?

ಮೊದಲು ಸ್ಟೀರಿಯೋದ ಬಾಸ್, ಟ್ರೆಬಲ್ ಎಲ್ಲವನ್ನೂ ಸೊನ್ನೆಗೆ ತನ್ನಿ. ಸಬ್‌ವೂಫರಿನ ಲೋ-ಪಾಸ್ ಗುಂಡಿಯನ್ನು (ಅಲ್ಲಿಂದ ಕೆಳಗಿನ ದನಿಗಳನ್ನು ಮಾತ್ರ ಬಿಡುವಂಥದ್ದು) 80 ಹರ್ಟ್ಸ್‌ನಲ್ಲಿಡಿ. ಸ್ಟೀರಿಯೋದಲ್ಲಿ ಹೈ-ಪಾಸ್ (ಮೇಲಿನ ದನಿಗಳನ್ನು ಮಾತ್ರ ಬಿಡುವಂಥದ್ದು) ಇದ್ದರೆ ಬಾಗಿಲಿನ ಸ್ಪೀಕರುಗಳಿಗೂ ಅದೇ 80 ಕೊಡಿ.

ಗೇನ್ ಎಂಬುದು ವಾಲ್ಯೂಮ್ ಗುಂಡಿಯಲ್ಲ. ಸ್ಟೀರಿಯೋದಿಂದ ಬರುವ ಸಂಕೇತಕ್ಕೆ ಆಂಪ್ಲಿಫೈಯರನ್ನು ಹೊಂದಿಸುವುದಷ್ಟೇ ಅದರ ಕೆಲಸ. ಸ್ಟೀರಿಯೋವನ್ನು ಮುಕ್ಕಾಲು ವಾಲ್ಯೂಮಿಗೆ ಏರಿಸಿ, ಗೇನನ್ನು ಸೊನ್ನೆಯಿಂದ ನಿಧಾನ ತಿರುಗಿಸುತ್ತಾ, ದನಿ ಒರಟಾಗುವ ಸುಳಿವು ಸಿಕ್ಕ ಕೂಡಲೇ ಸ್ವಲ್ಪ ಹಿಂದಕ್ಕೆ ಬನ್ನಿ. ಆಂಪ್ಲಿಫೈಯರ್ ಬೇರೆ ಇದ್ದರೆ ಮಲ್ಟಿಮೀಟರಿನಿಂದ ಇನ್ನೂ ಕರಾರುವಾಕ್ಕಾಗಿ ಮಾಡಬಹುದು. ಸ್ಪೀಕರ್ ಕಳಚಿ, 50 ಹರ್ಟ್ಸ್ ಪರೀಕ್ಷಾ ದನಿ ಹಾಕಿ, 4 ಓಮ್‌ಗೆ 150 ವ್ಯಾಟ್ ಬೇಕೆಂದರೆ ಎಸಿ 24.5 ವೋಲ್ಟ್ ಬರುವವರೆಗೆ ತಿರುಗಿಸಿ.

ಕೊನೆಗೆ ಫೇಸ್, ಅಂದರೆ ಸಬ್‌ವೂಫರಿನ ಕೋನು ಬಾಗಿಲಿನ ಸ್ಪೀಕರುಗಳ ಜೊತೆಗೇ ಮುಂದೆ ಹಿಂದೆ ಆಡುವಂತೆ ಹೊಂದಿಸುವ ಸ್ವಿಚ್. ಡ್ರೈವರ್ ಸೀಟಿನಲ್ಲಿ ನೀವು ಕೂತು, ಇನ್ನೊಬ್ಬರಿಂದ 0 ಮತ್ತು 180ರ ನಡುವೆ ಸ್ವಿಚ್ ಬದಲಾಯಿಸಿಸಿ. ಯಾವುದರಲ್ಲಿ ಬಾಸ್ ತುಂಬಿ, ಮುಂದಿನಿಂದ ಬಂದಂತೆ ಕೇಳುತ್ತದೆಯೋ ಅದೇ ಸರಿ. ಸಬ್‌ವೂಫರ್ ಎಲ್ಲಿದೆ ಎಂದು ಕಿವಿಗೆ ತಿಳಿಯುತ್ತಿದ್ದರೆ ಅದರ ಮಟ್ಟ ಇನ್ನೂ ಹೆಚ್ಚಿದೆ ಎಂದರ್ಥ.

ಬಾಸ್ ಬಂದಾಗಲೆಲ್ಲ ಎಲ್ಲಿಂದಲೋ ‘ಜರ್ರ್’ ಎನ್ನುತ್ತದೆ.

ಇದನ್ನು ಹುಡುಕುವುದು ತಾಳ್ಮೆಯ ಕೆಲಸ. ಫಲಿತಾಂಶ ಮಾತ್ರ ಅಷ್ಟೇ ಸೊಗಸು. ಎಂಜಿನ್ ನಿಲ್ಲಿಸಿ, 20ರಿಂದ 100 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ದನಿಯನ್ನು ಮೊಬೈಲಿನಿಂದ ಹಾಕಿ. ಯಾವುದೋ ಒಂದು ಹಂತದಲ್ಲಿ ಜರಜರ ಶುರುವಾಗುತ್ತದೆ. ಅಲ್ಲಿಗೇ ದನಿಯನ್ನು ನಿಲ್ಲಿಸಿಕೊಂಡು, ಗೆಳೆಯರೊಬ್ಬರು ಅಂಗೈಯಿಂದ ಒಂದೊಂದೇ ಫಲಕವನ್ನು ಒತ್ತುತ್ತಾ ಹೋಗಲಿ. ಕೈ ಇಟ್ಟಾಗ ಸದ್ದು ನಿಂತ ಜಾಗವೇ ಅಪರಾಧಿ. ಮೊದಲು ನಂಬರ್ ಪ್ಲೇಟು ನೋಡಿ, ಆಮೇಲೆ ಸ್ಟೆಪ್ನಿಯ ಕವರ್, ಹಿಂಬಾಗಿಲಿನ ಒಳಫಲಕ, ಸೀಟ್‌ಬೆಲ್ಟಿನ ಕೊಂಡಿ. ನಂಬರ್ ಪ್ಲೇಟಿನ ಹಿಂದೆ ಎರಡು ತುಂಡು ಫೋಮ್ ಟೇಪ್ ಅಂಟಿಸಿದರೆ ಆ ಜಾಗದ ಸದ್ದು ಅಲ್ಲಿಗೇ ಮುಗಿಯುತ್ತದೆ.

ಬಾಗಿಲಿಗೆ ಡ್ಯಾಂಪಿಂಗ್ ಶೀಟ್ ಹಾಕಿಸಿದರೆ ಪ್ರಯೋಜನವಿದೆಯೇ?

ಬಹಳ ಇದೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಸಬ್‌ವೂಫರಿಗಿಂತ ಮೊದಲು ಮುಂದಿನ ಎರಡು ಬಾಗಿಲಿಗೆ ಇದನ್ನೇ ಮಾಡಿಸಿ. ಜಿಮ್ನಿಯ ಬಾಗಿಲನ್ನು ಬೆರಳಿನಿಂದ ತಟ್ಟಿ ನೋಡಿದರೆ ಡಬ್ಬಿಯ ಸದ್ದು ಬರುತ್ತದೆ. ಅಲ್ಯೂಮಿನಿಯಂ ಹೊದಿಕೆಯ 2 ಮಿ.ಮೀ. ಬ್ಯುಟೈಲ್ (ಒಂದು ಬಗೆಯ ರಬ್ಬರ್) ಶೀಟ್ ಅಂಟಿಸಿದ ಮೇಲೆ ಅದೇ ತಗಡು ಮಂದವಾಗಿ ‘ಧಪ್’ ಎನ್ನುತ್ತದೆ. ಟಾರ್ ಆಧಾರದ ಅಗ್ಗದ ಶೀಟು ಬೇಡ, ಬಿಸಿಲಿಗೆ ಕರಗಿ ವಾಸನೆ ಹೊಡೆಯುತ್ತದೆ. ಬಾಗಿಲಿನ ತಳದಲ್ಲಿ ನೀರು ಹೊರಹೋಗುವ ಸಣ್ಣ ಕಂಡಿಗಳಿವೆ. ಅವು ಮುಚ್ಚದಂತೆ ನಿಂತು ನೋಡಿಕೊಳ್ಳಿ.

ನನ್ನದು ಥಾರ್ ಅಥವಾ ಜಿಪ್ಸಿ. ಏನು ವ್ಯತ್ಯಾಸ?

ಗಟ್ಟಿ ಛಾವಣಿಯ ಥಾರ್‌ಗೆ ಮೇಲಿನ ಮಾತುಗಳೆಲ್ಲ ಅನ್ವಯಿಸುತ್ತವೆ. ಬಟ್ಟೆಯ ಛಾವಣಿಯಾದರೆ ಕೆಳಸ್ತರದ ಒತ್ತಡ ಸೋರಿಹೋಗಿ, ಪುಕ್ಕಟೆ ಲಾಭ ಕಡಿಮೆಯಾಗುತ್ತದೆ. ಅಲ್ಲಿ 8 ಇಂಚಿನ ಬದಲು 10 ಇಂಚಿಗೆ ಹೋಗುವುದು ನ್ಯಾಯ. ಛಾವಣಿ ಬಿಚ್ಚಿ ಓಡಿಸುವಾಗ ಬಾಸ್ ಬಹುಪಾಲು ಗಾಳಿಪಾಲೇ. 2020ರ ಥಾರ್‌ನ ಸ್ಪೀಕರುಗಳು ಛಾವಣಿಯಲ್ಲಿರುವುದರಿಂದ ಹಾಡು ತಲೆಯ ಮೇಲಿಂದ, ಬಾಸ್ ಕಾಲಬುಡದಿಂದ ಬಂದಂತೆ ಅನಿಸುತ್ತದೆ. ಲೋ-ಪಾಸನ್ನು 70 ಹರ್ಟ್ಸ್‌ಗೆ ಇಳಿಸಿದರೆ ಈ ಒಡಕು ಕಡಿಮೆಯಾಗುತ್ತದೆ.

ಜಿಪ್ಸಿಯಲ್ಲಿ ಮೊದಲು ಆಲ್ಟರ್ನೇಟರ್, ಬ್ಯಾಟರಿ, ಹಳೆಯ ವೈರಿಂಗ್ ಮೂರನ್ನೂ ಪರೀಕ್ಷಿಸಿ. ಹೆಡ್‌ಲೈಟ್ ಹಾಕಿ ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.5 ವೋಲ್ಟ್ ಕೂಡ ನಿಲ್ಲದಿದ್ದರೆ ಸಬ್‌ವೂಫರ್ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ.

ಹಳ್ಳ ದಾಟಿದರೆ ಸೀಟಿನ ಕೆಳಗಿನದು ಹಾಳಾಗುವುದಿಲ್ಲವೇ?

ನೀರು ಒಳಗೆ ಬಂದರೆ ಹಾಳಾಗುತ್ತದೆ. ಥಾರ್‌ಗೆ 650 ಮಿ.ಮೀ. ಆಳದ ನೀರು ದಾಟುವ ಸಾಮರ್ಥ್ಯವಿದೆ ಎನ್ನುತ್ತದೆ ಮಹೀಂದ್ರ; ನೆಲ ತೊಳೆಯಲು ಬರುವಂತೆ ತಳದಲ್ಲಿ ಬಿರಡೆಗಳನ್ನೂ ಕೊಟ್ಟಿದೆ. ನೆಲಕ್ಕೇ ನೀರು ಹಾಯಿಸುವ ಅಭ್ಯಾಸವಿದ್ದರೆ ಸಬ್‌ವೂಫರನ್ನು ಡಿಕ್ಕಿಯ ಪಕ್ಕದ ಗೋಡೆಗೆ ಎತ್ತರದಲ್ಲಿ ಹಾಕಿಸಿ. ಜಿಮ್ನಿಯಲ್ಲಿ 20 ಮಿ.ಮೀ. ರಬ್ಬರ್ ಅಡಿಗಳ ಮೇಲೆ ಕೂರಿಸಿದರೆ ಒದ್ದೆ ಕಾರ್ಪೆಟ್ಟಿನಿಂದ ಪಾರಾಗುತ್ತದೆ. ಕನೆಕ್ಟರಿನ ಹತ್ತಿರ ವೈರನ್ನು ಒಮ್ಮೆ ಕೆಳಕ್ಕೆ ಬಾಗಿಸಿ ಮೇಲಕ್ಕೆ ತನ್ನಿ, ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಕ್ಯಾಂಪಿನಲ್ಲಿ ಎಂಜಿನ್ ನಿಲ್ಲಿಸಿ ಎಷ್ಟು ಹೊತ್ತು ಹಾಡು ಹಾಕಬಹುದು?

40 ಆಂಪಿಯರ್-ಅವರ್ ಬ್ಯಾಟರಿಯಿಂದ ಸರಾಸರಿ 5 ಆಂಪಿಯರ್ ಎಳೆದರೆ ನಾಲ್ಕು ತಾಸಿಗೆ ಅರ್ಧ ಖಾಲಿ. ಸ್ಟಾರ್ಟ್ ಮಾಡುವ ಬ್ಯಾಟರಿಯನ್ನು ಅಷ್ಟು ಇಳಿಸುವುದು ಅದರ ಆಯುಸ್ಸಿಗೆ ಒಳ್ಳೆಯದಲ್ಲ. ಎರಡು ತಾಸಿಗೆ ನಿಲ್ಲಿಸಿ. ಸಿಗರೇಟ್ ಲೈಟರ್ ಜಾಗಕ್ಕೆ ಸಿಕ್ಕಿಸುವ ವೋಲ್ಟ್ ಮೀಟರ್ 12.4ಕ್ಕಿಂತ ಕೆಳಗೆ ತೋರಿಸಿದರೆ ಅದಕ್ಕೂ ಮೊದಲೇ ನಿಲ್ಲಿಸಿ. ಮೊಬೈಲ್ ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಗಾಡಿ ಸ್ಟಾರ್ಟ್ ಆಗದಿದ್ದರೆ ತಳ್ಳಲು ಜನವೂ ಸಿಗುವುದಿಲ್ಲ.

ಪೊಲೀಸರು ದಂಡ ಹಾಕುತ್ತಾರೆಯೇ?

ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುವುದು ನೋಂದಣಿ ಪತ್ರದ ವಿವರ ಬದಲಾಗುವಂತಹ ಮಾರ್ಪಾಡನ್ನು. ಒಳಗಿನ ಸ್ಪೀಕರ್ ಆ ವಿವರಗಳಲ್ಲಿ ಇಲ್ಲ. ಹಿಂದಿನ ಸೀಟನ್ನೇ ತೆಗೆದು ಪೆಟ್ಟಿಗೆ ಇಟ್ಟರೆ ಆಸನಗಳ ಸಂಖ್ಯೆ ಬದಲಾಗಿ ತೊಡಕಾಗುತ್ತದೆ. ಸದ್ದಿನ ಮಾತು ಬೇರೆ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ 10ರ ನಂತರ ಕಿಟಕಿ ಇಳಿಸಿ ಬಾಸ್ ಹಾಕುವುದು ಯಾವ ಬಡಾವಣೆಯಲ್ಲೂ ಸಲ್ಲದು.

ಕಾಡಿನ ರಸ್ತೆಯಲ್ಲಿ ಸಬ್‌ವೂಫರ್ ಪೂರ್ತಿ ಆರಿಸಿ. ಬಂಡೀಪುರ, ನಾಗರಹೊಳೆಯ ಆನೆಗಳು ಒಂದನ್ನೊಂದು ಕರೆಯುವ ಗುಡುಗುದನಿಯ ಮೂಲ ಆವರ್ತನ 20 ಹರ್ಟ್ಸ್‌ನ ಆಸುಪಾಸಿನದು. ಕೆಳಸ್ತರದ ದನಿ ಮರಗಿಡಗಳನ್ನು ಹಾದು ಬಹುದೂರ ಸಾಗುತ್ತದೆ. ನಮ್ಮ ಹಾಡು ಅವುಗಳ ಮಾತಿನ ನಡುವೆ ನುಗ್ಗಬಾರದು. ಕಡಿದಾದ ದಾರಿಯಲ್ಲಿ, ಹೊರಗೆ ನಿಂತು ದಾರಿ ತೋರಿಸುವವರ ಕೂಗು ಕೇಳಬೇಕಾದ ಹೊತ್ತಿನಲ್ಲೂ ಅಷ್ಟೇ, ಹಾಡು ಬೇಡ.

ಎಲ್ಲಿ ಹಾಕಿಸಲಿ, ಏನು ಕೇಳಲಿ?

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿಗಳ ಸಾಲೇ ಇದೆ. ಬೇರೆ ಊರುಗಳಲ್ಲೂ ಒಳ್ಳೆಯ ಕೆಲಸಗಾರರಿದ್ದಾರೆ. ಅಂಗಡಿಯ ಹೊಳಪಿಗಿಂತ ಕೆಲಸಗಾರರ ಉತ್ತರ ನೋಡಿ. ಫ್ಯೂಸ್ ಎಲ್ಲಿ ಹಾಕುತ್ತೀರಿ, ಅರ್ಥ್ ಎಲ್ಲಿಗೆ ಕೊಡುತ್ತೀರಿ, ಪೆಟ್ಟಿಗೆಯನ್ನು ಯಾವ ಬೋಲ್ಟಿಗೆ ಕಟ್ಟುತ್ತೀರಿ ಎಂಬ ಮೂರು ಪ್ರಶ್ನೆ ಕೇಳಿ. ತಡವರಿಸಿದರೆ ಮುಂದಿನ ಅಂಗಡಿಗೆ ನಡೆಯಿರಿ. ಕೆಲಸ ನಡೆಯುವಾಗ ಪಕ್ಕದಲ್ಲೇ ನಿಂತು, ಫಲಕ ಮುಚ್ಚುವ ಮೊದಲು ಪ್ರತಿ ಜೋಡಣೆಯ ಫೋಟೊ ತೆಗೆದುಕೊಳ್ಳಿ. ಮುಂದೆ ಎಂದಾದರೂ ದೋಷ ಹುಡುಕುವಾಗ ಆ ಫೋಟೊಗಳೇ ನಕ್ಷೆ.

ಹಾಕಿಸಿದ ಮೇಲೆ ನೋಡಿಕೊಳ್ಳಬೇಕಾದದ್ದು ಏನಾದರೂ ಇದೆಯೇ?

ಮೊದಲ ಒರಟು ಪ್ರಯಾಣ ಮುಗಿದ ಮರುದಿನವೇ ಪೆಟ್ಟಿಗೆಯ ಬೋಲ್ಟು, ಅರ್ಥ್ ಬೋಲ್ಟು, ಬ್ಯಾಟರಿಯ ಟರ್ಮಿನಲ್ ಮೂರನ್ನೂ ಸ್ಪ್ಯಾನರ್ ಹಿಡಿದು ಮತ್ತೊಮ್ಮೆ ಬಿಗಿ ಮಾಡಿ. ಆಮೇಲೆ ಪ್ರತಿ ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ನೋಡಿದರೆ ಸಾಕು. ಅರ್ಥ್ ಜಾಗದಲ್ಲಿ ಹಸಿರು ಅಥವಾ ಬಿಳಿ ಪುಡಿ ಕಟ್ಟಿದ್ದರೆ ಬಿಚ್ಚಿ, ತಿಕ್ಕಿ, ಗ್ರೀಸ್ ಹಚ್ಚಿ ಮತ್ತೆ ಕೂರಿಸಿ. ಕೋನಿನ ಮೇಲೆ ಕೂತ ಧೂಳನ್ನು ಒಣ ಬ್ರಷ್‌ನಿಂದ ಹಗುರಾಗಿ ಗುಡಿಸಿ. ಸರ್ವಿಸ್ ಕೇಂದ್ರದಲ್ಲಿ ಒಳಭಾಗ ತೊಳೆಯಲು ಕೊಡುವಾಗ ಸೀಟಿನ ಕೆಳಗೆ ನೀರು ಹೊಡೆಯಬಾರದೆಂದು ಜಾಬ್ ಕಾರ್ಡಿನಲ್ಲೇ ಬರೆಸಿ.